ಹಳದಿ ಬಾವುಟ, ಚಿತ್ರಪುಸ್ತಕ: ಜಪಾನಿನ ಹಿರಿಯರ ಕ್ಲಬ್‌ಗಳು ಮತ್ತು ಮಕ್ಕಳ ನಡುವಿನ ಸ್ವಯಂಸೇವೆ

ಜಪಾನಿನಲ್ಲಿ ಗೇಟ್‌ಬಾಲ್ ಎಂದರೆ ವಯಸ್ಸಾದವರ ಆಟ. ಹುಟ್ಟಿದ್ದು ಮಾತ್ರ ಮಕ್ಕಳಿಗಾಗಿ. ಯುದ್ಧ ಮುಗಿದು ರಬ್ಬರ್ ಚೆಂಡಿಗೂ ಬರ ಬಂದಿದ್ದ 1947ರಲ್ಲಿ, ಹೊಕ್ಕೈಡೊ ದ್ವೀಪದ ಸುಜುಕಿ ಕಜುನೊಬು ಎಂಬವರು ಅಲ್ಲಿ ಯಥೇಚ್ಛವಾಗಿ ಸಿಗುತ್ತಿದ್ದ ಮರದಿಂದ ಚೆಂಡು, ಕೊಡತಿ ಮಾಡಿಸಿ, ಯುರೋಪಿನ ಕ್ರೋಕೆ ಆಟವನ್ನು ಸರಳಗೊಳಿಸಿ ಮಕ್ಕಳ ಕೈಗಿತ್ತರು. ಎಪ್ಪತ್ತರ ದಶಕದ ಹೊತ್ತಿಗೆ ಆ ಆಟ ಹಿರಿಯರ ಕ್ಲಬ್‌ಗಳ ಅಂಗಳ ಸೇರಿತ್ತು. ಈಗ ಅದನ್ನು ಆಡುವ ಮಗುವನ್ನು ಹುಡುಕಬೇಕು. ಒಂದೇ ಬಡಾವಣೆಯಲ್ಲಿ ಬದುಕುವ ಎರಡು ತಲೆಮಾರುಗಳ ನಡುವೆ ಒಂದು ಆಟ ಹೀಗೆ ಸದ್ದಿಲ್ಲದೆ ಕೈ ಬದಲಾಯಿಸಿತು. ಅದರ ನೆಪದಲ್ಲಾದರೂ ಇಬ್ಬರೂ ಭೇಟಿಯಾಗಲಿಲ್ಲ.

ಭೇಟಿಯಾಗುವಂತೆ ಮಾಡಲು ಅಲ್ಲಿ ಬೇರೆ ಬೇರೆ ಪ್ರಯತ್ನಗಳು ನಡೆದಿವೆ. ಅವುಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸುತ್ತೇನೆ: ಶಾಲೆಗೆ ಹೋಗಿ ಹಳೆಯ ಆಟ ಕಲಿಸುವುದು, ಶಾಲೆಯ ದಾರಿಯಲ್ಲಿ ಕಾವಲು ನಿಲ್ಲುವುದು, ತರಗತಿಯಲ್ಲಿ ಚಿತ್ರಪುಸ್ತಕ ಓದುವುದು. ಇಂಥ ಕಾರ್ಯಕ್ರಮಗಳ ವರದಿಗಳೆಲ್ಲ ಅಜ್ಜ-ಅಜ್ಜಿ, ಮೊಮ್ಮಕ್ಕಳು, ವಾತ್ಸಲ್ಯ ಎಂದು ಮೊದಲಾಗುತ್ತವೆ. ನನಗೆ ಕಂಡಂತೆ ಈ ನಂಟು ಕುದುರುವುದು ಪಾಳಿಯಿಂದ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ ಎಂಬುದು ನಿಗದಿಯಾದಲ್ಲಿ ಅದು ನಿಂತಿದೆ. ಉತ್ಸವದ ದಿನಕ್ಕಷ್ಟೇ ಮೀಸಲಾದಲ್ಲಿ ಫೋಟೊ ಮಾತ್ರ ಉಳಿದಿದೆ.

ಮೊದಲು ಕ್ಲಬ್‌ಗಳ ವಿಚಾರ. ಯುದ್ಧಾನಂತರದ ಮೊದಲ ಹಿರಿಯರ ಕ್ಲಬ್ 1950ರಲ್ಲಿ ಒಸಾಕಾದಲ್ಲಿ ಶುರುವಾಯಿತೆಂದು ಹೇಳುತ್ತಾರೆ. 1962ರಲ್ಲಿ ರಾಷ್ಟ್ರಮಟ್ಟದ ಒಕ್ಕೂಟ ಕಟ್ಟಿದರು. ಮರುವರ್ಷವೇ ಹಿರಿಯರ ಕಲ್ಯಾಣ ಕಾಯ್ದೆ ಬಂದು ಕ್ಲಬ್‌ಗಳಿಗೆ ಸರ್ಕಾರದ ಸಹಾಯಧನದ ದಾರಿ ತೆರೆಯಿತು. ನಡೆದು ಹೋಗಿ ಸೇರಬಹುದಾದಷ್ಟು ಚಿಕ್ಕ ನೆರೆಹೊರೆಗೆ ಒಂದು ಕ್ಲಬ್. ಸುಮಾರು ಅರವತ್ತು ದಾಟಿದವರು ಸದಸ್ಯರು. ಅದರ ಮೇಲೆ ಊರಿನ ಒಕ್ಕೂಟ, ಪ್ರಾಂತದ ಒಕ್ಕೂಟ, ಕೊನೆಗೆ ರಾಷ್ಟ್ರದ್ದು. ಹಾಡು, ಪ್ರವಾಸ, ಗೇಟ್‌ಬಾಲ್ ಜೊತೆಗೆ ಉದ್ಯಾನ ಗುಡಿಸುವುದು, ಒಂಟಿಯಾಗಿರುವ ಸದಸ್ಯರ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದು ಮೊದಲಿನಿಂದಲೂ ಕಾರ್ಯಸೂಚಿಯಲ್ಲಿತ್ತು. ಸೆಪ್ಟೆಂಬರ್ 20 ದೇಶದ ಎಲ್ಲ ಕ್ಲಬ್‌ಗಳೂ ಏಕಕಾಲಕ್ಕೆ ಸೇವೆಗಿಳಿಯುವ ದಿನ. ಅಂದರೆ ಸ್ವಯಂಸೇವೆ ಈ ಕ್ಲಬ್‌ಗಳಿಗೆ ಹೊರಗಿನಿಂದ ಬಂದ ಹೊಸ ವಿಚಾರವೇನಲ್ಲ. ಹೊಸದಾಗಿದ್ದು ಮಕ್ಕಳ ಪ್ರವೇಶ.

ಕಾಯ್ದೆ ಬಂದ 1963ರಲ್ಲಿ ಜಪಾನಿನಲ್ಲಿ ನೂರು ತುಂಬಿದವರು 153 ಮಂದಿ. ಅವರಿಗೆಲ್ಲ ಸರ್ಕಾರದಿಂದ ಬೆಳ್ಳಿ ಬಟ್ಟಲಿನ ಗೌರವ. 2024ರಲ್ಲಿ ಶತಾಯುಷಿಗಳ ಸಂಖ್ಯೆ 95,119. ಬಟ್ಟಲೂ ಈ ನಡುವೆ ಬದಲಾಗಿದೆ: 2016ರಿಂದ ಬೆಳ್ಳಿಯ ಲೇಪ ಮಾತ್ರ. (ಕಲ್ಯಾಣ ಯೋಜನೆಗಳ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ ವಸ್ತುವನ್ನು ನಾನು ಕಂಡಿಲ್ಲ.) ಜನಸಂಖ್ಯೆಯಲ್ಲಿ 65 ದಾಟಿದವರು ಈಗ ಶೇಕಡಾ 29ಕ್ಕೂ ಮೇಲು. ಅದೇ 2024ರಲ್ಲಿ ಹುಟ್ಟಿದ ಮಕ್ಕಳು ಏಳು ಲಕ್ಷಕ್ಕಿಂತ ಕಡಿಮೆ.

ಹಿರಿಯರು ಇಷ್ಟು ಹೆಚ್ಚಿದ ಮೇಲೆ ಅವರ ಕ್ಲಬ್‌ಗಳೂ ತುಂಬಿ ತುಳುಕಬೇಕಿತ್ತು. ಆಗಿದ್ದು ತಿರುವುಮುರುವು. 1998ರ ಸುಮಾರಿಗೆ 88 ಲಕ್ಷ ಮುಟ್ಟಿದ್ದ ಸದಸ್ಯರ ಸಂಖ್ಯೆ ಈಗ ಅರ್ಧದ ಆಸುಪಾಸಿಗೆ ಇಳಿದಿದೆ. ದೊಡ್ಡ ಕಾರಣ ದುಡಿಮೆ. 65ರವರೆಗೆ ಕೆಲಸ ಕೊಡಬೇಕೆಂದು 2004ರ ಕಾಯ್ದೆ ತಿದ್ದುಪಡಿ ಕಂಪನಿಗಳಿಗೆ ಹೇಳಿತು. 65 ದಾಟಿಯೂ ದುಡಿಯುವವರು ಈಗ 90 ಲಕ್ಷಕ್ಕಿಂತ ಹೆಚ್ಚು. ಅರವತ್ತೆರಡರ ಮನುಷ್ಯ ಆಫೀಸಿಗೆ ಹೋಗುತ್ತಿದ್ದಾನೆ, ಎಂಬತ್ತೆರಡರವರೇ ಕ್ಲಬ್ಬಿನ ಕಾರ್ಯದರ್ಶಿ. ಸಹಾಯಧನ ಪಡೆಯಲು ಲೆಕ್ಕ, ವರದಿ, ರಸೀದಿ ಎಲ್ಲ ಒಪ್ಪಿಸಬೇಕು. ಆ ಹೊಣೆ ಹೊರಲು ಯಾರೂ ಸಿಗದೆ, ಸದಸ್ಯರಿದ್ದೂ ಕ್ಲಬ್ ವಿಸರ್ಜನೆಯಾದ ಊರುಗಳು ಬಹಳ. ಮಕ್ಕಳ ಜೊತೆಗಿನ ಕೆಲಸ ಬೆಳೆದದ್ದು ಹೀಗೆ ಸೊರಗುತ್ತಿರುವ ಸಂಸ್ಥೆಯೊಳಗೆ ಎಂಬುದನ್ನು ಮರೆತರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಹಳೆಯ ಆಟಗಳ ದಾರಿ ಹೆಚ್ಚು ಹೊತ್ತು ಬೇಡುವುದಿಲ್ಲ. 1989ರ ಪಠ್ಯಕ್ರಮ ಒಂದು ಮತ್ತು ಎರಡನೆಯ ತರಗತಿಗೆ ವಿಜ್ಞಾನ, ಸಮಾಜ ಎರಡನ್ನೂ ತೆಗೆದು ‘ಬದುಕು’ ಎಂಬರ್ಥದ ಒಂದೇ ವಿಷಯ ತಂದಿತು, 1992ರಿಂದ ಜಾರಿಯಾಯಿತು. ಅದರ ಅಂಗವಾಗಿ ಚಳಿಗಾಲದ ಒಂದು ದಿನ ಹಿರಿಯರು ಶಾಲೆಗೆ ಬರುತ್ತಾರೆ. ಕಾಳು ತುಂಬಿದ ಪುಟ್ಟ ಬಟ್ಟೆ ಚೀಲಗಳನ್ನು ಎಸೆದು ಹಿಡಿಯುವ ಆಟ, ಬೆರಳಿಗೆ ದಾರ ಸುತ್ತಿ ಆಕಾರ ಮಾಡುವ ಆಟ, ಬುಗುರಿ, ಬಿದಿರಿನ ಹಾರುಬಿಲ್ಲೆ. ಮಕ್ಕಳಿಗೆ ಖುಷಿ, ಹಿರಿಯರಿಗೂ ಖುಷಿ. ಎರಡು ತಾಸು ಕಳೆದ ಮೇಲೆ ಮಕ್ಕಳು ಕೃತಜ್ಞತೆಯ ಹಾಡು ಹೇಳಿ ಬೀಳ್ಕೊಡುತ್ತಾರೆ. ಮುಂದಿನ ಭೇಟಿ ಮುಂದಿನ ವರ್ಷ, ಬೇರೆ ಮಕ್ಕಳೊಂದಿಗೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನೇ ‘ತಲೆಮಾರುಗಳ ಬೆಸುಗೆ’ ಎಂದು ವಾರ್ಷಿಕ ವರದಿಯಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲೂ ಇದೆ, ಅಲ್ಲೂ ಇದೆ.

ಕಾವಲಿನ ದಾರಿ ಹುಟ್ಟಿದ್ದು ಭಯದಿಂದ. 2004ರ ನವೆಂಬರಿನಲ್ಲಿ ನಾರಾದಲ್ಲಿ, ಮರುವರ್ಷದ ಕೊನೆಗೆ ಹಿರೋಶಿಮಾ ಮತ್ತು ತೊಚಿಗಿಗಳಲ್ಲಿ, ಶಾಲೆಯಿಂದ ಮನೆಗೆ ಹೋಗುತ್ತಿದ್ದ ಒಂದನೆಯ ತರಗತಿಯ ಹೆಣ್ಣುಮಕ್ಕಳ ಕೊಲೆಯಾಯಿತು. ಜಪಾನಿನ ಪ್ರಾಥಮಿಕ ಶಾಲೆಯ ಮಕ್ಕಳು ಹೆಚ್ಚಾಗಿ ನಡೆದೇ ಹೋಗುವವರು. ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಮೇಲಿನ ತರಗತಿಯ ಮಗು ಮುಂದಾಳಾಗಿ, ಕೇರಿಯ ಮಕ್ಕಳೆಲ್ಲ ಸಾಲಾಗಿ ಹೊರಡುತ್ತಾರೆ. ಕಷ್ಟ ಇರುವುದು ಮಧ್ಯಾಹ್ನ. ತರಗತಿಗೊಂದು ಹೊತ್ತಿಗೆ ಶಾಲೆ ಬಿಡುವುದರಿಂದ ಸಾಲು ಚದುರುತ್ತದೆ, ಕೊನೆಯ ತಿರುವಿನ ಬಳಿಕ ಚಿಕ್ಕ ಮಗು ಒಂಟಿ. ಆ ಹೊತ್ತಿನಲ್ಲಿ ತಂದೆತಾಯಿಗಳು ಕೆಲಸದಲ್ಲಿ. ಬಡಾವಣೆಯಲ್ಲಿ ಉಳಿದವರು ಹಿರಿಯರು.

ಹೀಗಾಗಿ ಹಳದಿ ಬಾವುಟ ಹಿಡಿದು, ಮಿನುಗುವ ಜಾಕೆಟ್, ತೋಳುಪಟ್ಟಿ ತೊಟ್ಟ ಹಿರಿಯರು ಮಧ್ಯಾಹ್ನ ಶಾಲೆ ಬಿಡುವಾಗ ಮಾತ್ರವಲ್ಲ, ಬೆಳಿಗ್ಗೆ ಏಳೂವರೆ ಹೊತ್ತಿಗೂ ಅಡ್ಡರಸ್ತೆಗಳಲ್ಲಿ ಕಾಣಿಸಿಕೊಂಡರು. ಇಲ್ಲಿ ಮಾತು ಕಡಿಮೆ. ಶುಭೋದಯ, ಬಾವುಟ ಅಡ್ಡ, ದಾಟು, ಅಷ್ಟೇ. ಆದರೆ ನಿತ್ಯ. ಒಂದು ಮಗು ಆರು ವರ್ಷ ಅದೇ ರಸ್ತೆ ದಾಟುತ್ತದೆ. ಅದೇ ಅಜ್ಜ ಅದೇ ಕಂಬದ ಬಳಿ ನಿಂತಿರುತ್ತಾರೆ. ಯಾವ ಹುಡುಗ ಇವತ್ತು ಸಾಲಿನಲ್ಲಿಲ್ಲ, ಯಾವ ಹುಡುಗಿ ನಾಲ್ಕು ದಿನದಿಂದ ತಲೆ ತಗ್ಗಿಸಿ ಹೋಗುತ್ತಿದ್ದಾಳೆ ಎಂಬುದು ಹಾಜರಿ ಪುಸ್ತಕಕ್ಕಿಂತ ಮೊದಲು ಆ ಕಂಬದ ಬಳಿಯವರಿಗೆ ತಿಳಿಯುತ್ತದೆ. ಸಂಶೋಧಕರು ಈ ಕೆಲಸವನ್ನು ಅಪರಾಧ ತಡೆಯ ಅಧ್ಯಾಯದಲ್ಲಿ ಸೇರಿಸಿಬಿಡುತ್ತಾರೆ. ಇದರ ಜಾಗ ತಲೆಮಾರುಗಳ ಅಧ್ಯಾಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಕೆಲವು ಊರುಗಳಲ್ಲಿ ವಿಪತ್ತಿನ ಎಚ್ಚರಿಕೆಗೆಂದು ಹಾಕಿದ ಧ್ವನಿವರ್ಧಕಗಳಿಂದ ಮಧ್ಯಾಹ್ನ ಮಗುವೊಂದರ ದನಿ ಕೇಳುತ್ತದೆ: ನಾವು ಮನೆಗೆ ಹೊರಟೆವು, ದಯವಿಟ್ಟು ಗಮನಿಸಿಕೊಳ್ಳಿ ಎಂಬರ್ಥದ ವಿನಂತಿ.

ಈ ಕಾವಲಿಗೂ ವಯಸ್ಸಾಗಿದೆ. 2018ರಲ್ಲಿ ನೀಗಾತಾದಲ್ಲಿ ಮತ್ತೊಂದು ಮಗುವಿನ ಕೊಲೆ ನಡೆದ ಮೇಲೆ ಸರ್ಕಾರ ಹೊರಡಿಸಿದ ಯೋಜನೆ, ಕಾವಲು ನಿಲ್ಲುವವರು ಕಡಿಮೆಯಾಗುತ್ತಿರುವುದನ್ನು ಒಪ್ಪಿಕೊಂಡು, ನಾಯಿ ಅಡ್ಡಾಡಿಸುವಾಗ, ಓಡುವಾಗ, ಗಿಡಕ್ಕೆ ನೀರು ಹಾಕುವಾಗ ಹಾಗೆಯೇ ಮಕ್ಕಳ ಮೇಲೂ ಒಂದು ಕಣ್ಣಿಡಿ ಎಂದು ಜನರನ್ನು ಕೇಳಿತು. ಪಾಳಿ ಕಳಚಿದ ಮೇಲೆ ಉಳಿಯುವುದು ಸದ್ಭಾವನೆ. ಅದರಿಂದ ಎಷ್ಟಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಹಿರಿಯರಿಗೆ ಮಕ್ಕಳೆಂದರೆ ಸಹಜವಾಗಿಯೇ ಇಷ್ಟ, ಅವಕಾಶ ಕಲ್ಪಿಸಿದರೆ ಸಾಕು ಎನ್ನುವವರು ಜಪಾನಿನದೇ ಇನ್ನೊಂದು ಕಥೆಯನ್ನು ಗಮನಿಸಬೇಕು. ಟೋಕಿಯೊ ಮಹಾನಗರ ಆಡಳಿತ 2015ರಲ್ಲಿ ತನ್ನ ಶಬ್ದಮಾಲಿನ್ಯ ನಿಯಮವನ್ನೇ ತಿದ್ದಿ, ಚಿಕ್ಕ ಮಕ್ಕಳ ದನಿಯನ್ನು ಡೆಸಿಬೆಲ್ ಮಿತಿಯಿಂದ ಹೊರಗಿಡಬೇಕಾಯಿತು. ಶಿಶುವಿಹಾರಗಳ ಗದ್ದಲದ ಬಗ್ಗೆ ಅಕ್ಕಪಕ್ಕದವರ ದೂರು ಅಷ್ಟು ಬಲವಾಗಿತ್ತು. 2016ರಲ್ಲಿ ಚಿಬಾ ಪ್ರಾಂತದ ಇಚಿಕಾವಾದಲ್ಲಿ ತೆರೆಯಬೇಕಿದ್ದ ಒಂದು ಶಿಶುವಿಹಾರ ನೆರೆಯವರ ವಿರೋಧದಿಂದ ನಿಂತೇ ಹೋಯಿತು. ದೂರುವವರೆಲ್ಲ ಮುದುಕರೆಂದಲ್ಲ, ಆದರೆ ಹಗಲಿಡೀ ಮನೆಯಲ್ಲಿರುವವರು ಅವರೇ. ತಮ್ಮ ಮೊಮ್ಮಗುವಿನ ಅಳು ಸಂಗೀತ, ಪಕ್ಕದ ಕಟ್ಟಡದ ಐವತ್ತು ಮಕ್ಕಳ ಕೇಕೆ ಗಲಾಟೆ. ಇದು ಮನುಷ್ಯ ಸ್ವಭಾವ. ಹೆಸರು ಗೊತ್ತಿರುವ ಮಗುವಿನ ಸದ್ದನ್ನು ಸಹಿಸುವಷ್ಟು ಸುಲಭವಾಗಿ ಗುರುತಿಲ್ಲದ ಗುಂಪಿನ ಸದ್ದನ್ನು ಯಾರೂ ಸಹಿಸುವುದಿಲ್ಲ. ಹೆಸರು ಗೊತ್ತಾಗಬೇಕಾದರೆ ಮತ್ತೆ ಮತ್ತೆ ನೋಡಬೇಕು.

ಇಬ್ಬರನ್ನೂ ಒಂದೇ ಸೂರಿನಡಿ ತಂದವರೂ ಇದ್ದಾರೆ. ಟೋಕಿಯೊದ ಎದೊಗಾವಾದಲ್ಲಿರುವ ಕೊತೊಎನ್ ಸಂಸ್ಥೆ ವೃದ್ಧಾಶ್ರಮವನ್ನೂ ಶಿಶುವಿಹಾರವನ್ನೂ 1987ರಲ್ಲಿ ಒಂದೇ ಕಟ್ಟಡಕ್ಕೆ ತಂದಿತು. 1993ರಲ್ಲಿ ತೊಯಾಮಾದಲ್ಲಿ ಸೋಮಾನ್ ಕಯೊಕೊ ಮತ್ತು ಇನ್ನಿಬ್ಬರು ನರ್ಸ್‌ಗಳು, ಹಿರಿಯರು, ಮಕ್ಕಳು, ಅಂಗವಿಕಲರು ಎಂಬ ಇಲಾಖಾವಾರು ವಿಂಗಡಣೆಯನ್ನು ಬದಿಗಿಟ್ಟು ಎಲ್ಲರಿಗೂ ಒಂದೇ ಹಗಲು ಆರೈಕೆ ಮನೆ ತೆರೆದರು. ಇವು ಆರೈಕೆಯ ಸಂಸ್ಥೆಗಳು. ಇಲ್ಲಿನ ಚರ್ಚೆ ಕೈಕಾಲು ಗಟ್ಟಿಯಿರುವ, ಕ್ಲಬ್ ವಯಸ್ಸಿನ ಹಿರಿಯರದ್ದಾದ್ದರಿಂದ ಮುಂದೆ ಹೋಗುತ್ತೇನೆ.

ಚಿತ್ರಪುಸ್ತಕದ ದಾರಿಯ ಮೂಲ ಅಮೆರಿಕದಲ್ಲಿದೆ. ಬಡತನ ನಿವಾರಣೆಯ ಅಂಗವಾಗಿ ಅಲ್ಲಿ 1965ರಲ್ಲಿ ಶುರುವಾದ ‘ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್’ ಯೋಜನೆ, ಕಡಿಮೆ ಆದಾಯದ ಹಿರಿಯರಿಗೆ ಅಲ್ಪ ಭತ್ಯೆ ಕೊಟ್ಟು ಆಸರೆ ಬೇಕಾದ ಮಕ್ಕಳ ಜೊತೆ ಕೆಲಸಕ್ಕೆ ಹಚ್ಚಿತು. ಮೂವತ್ತು ವರ್ಷಗಳ ನಂತರ ವೃದ್ಧವೈದ್ಯೆ ಲಿಂಡಾ ಫ್ರೀಡ್ ಮತ್ತು ಸಮಾಜ ಚಿಂತಕ ಮಾರ್ಕ್ ಫ್ರೀಡ್‌ಮನ್ ‘ಎಕ್ಸ್‌ಪೀರಿಯೆನ್ಸ್ ಕೋರ್’ ಎಂಬ ಮಾದರಿಯನ್ನು ರೂಪಿಸಿದರು. ಅದರ ಬಾಲ್ಟಿಮೋರ್ ಪ್ರಯೋಗದಲ್ಲಿ 702 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ವಾರಕ್ಕೆ 15 ಗಂಟೆ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕಳಿಸಿದರು. ಬಹುಪಾಲು ಆಫ್ರಿಕನ್ ಅಮೆರಿಕನ್ ಮಹಿಳೆಯರು. ಇದರ ಹಿಂದಿನ ಜಾಣ್ಮೆ ಮೆಚ್ಚುವಂಥದ್ದು. ನಿಮ್ಮ ಆರೋಗ್ಯಕ್ಕಾಗಿ ನಡೆಯಿರಿ ಎಂದರೆ ಕದಲದವರು, ಮಗುವಿಗೆ ಓದಿಸಬೇಕಿದೆ ಬನ್ನಿ ಎಂದರೆ ಬಸ್ ಹಿಡಿದು, ಮೆಟ್ಟಿಲು ಹತ್ತಿ ಬರುತ್ತಾರೆ. ನಡಿಗೆ ಅದರೊಳಗೇ ಆಗಿಹೋಗುತ್ತದೆ.

ಈ ಮಾದರಿಯನ್ನು ನೋಡಿ, ಟೋಕಿಯೊ ಮಹಾನಗರದ ವೃದ್ಧಾಪ್ಯ ಸಂಶೋಧನಾ ಸಂಸ್ಥೆಯ ಫುಜಿವಾರಾ ಯೊಶಿನೊರಿ ಮತ್ತು ಸಂಗಡಿಗರು 2004ರಲ್ಲಿ ‘ರೀಪ್ರಿಂಟ್ಸ್’ ಎಂಬ ಯೋಜನೆ ಆರಂಭಿಸಿದರು: ಟೋಕಿಯೊದ ನಡುವಿನ ಚುವೊ, ಅಂಚಿನ ನಗರ ಕವಾಸಾಕಿ, ಬಿವಾ ಸರೋವರದ ದಂಡೆಯ ನಾಗಾಹಾಮಾ, ಈ ಮೂರು ಕಡೆ. ಹದಿನೈದು ಗಂಟೆಯ ಕೆಲಸವನ್ನು ಅವರು ಒಂದೇ ಕಸುಬಿಗೆ ಇಳಿಸಿದರು: ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಶಾಲೆ, ಶಿಶುವಿಹಾರಗಳಿಗೆ ತಂಡವಾಗಿ ಹೋಗಿ ಚಿತ್ರಪುಸ್ತಕ ಓದುವುದು. ಭತ್ಯೆ ಇಲ್ಲ. ಶಾಲೆಗೆ ಕಾಲಿಡುವ ಮೊದಲು ಮೂರು ತಿಂಗಳ ತರಬೇತಿ.

ಚಿತ್ರಪುಸ್ತಕ ಓದಲು ಮೂರು ತಿಂಗಳೇಕೆ ಎಂದು ಕೇಳುವವರು ಒಮ್ಮೆ ಓದಿ ನೋಡಬೇಕು. ಹೊಸ ಪುಸ್ತಕವಾದರೆ ಮೊದಲು ಅದರ ಬೆನ್ನನ್ನು ಪಳಗಿಸಿಕೊಳ್ಳಬೇಕು. ಇಲ್ಲವಾದರೆ ಹಾಳೆ ತಾನಾಗಿ ಮಡಚಿಕೊಂಡು ಅರ್ಧ ಚಿತ್ರ ನುಂಗುತ್ತದೆ. ಪುಸ್ತಕದ ಕೆಳ ಅಂಚಿನ ನಡುಭಾಗವನ್ನು ಒಂದು ಕೈಯಲ್ಲಿ ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮಕ್ಕಳ ಕಡೆ ಸ್ವಲ್ಪ ಬಾಗಿಸಿ ನಿಲ್ಲಿಸಬೇಕು. ಓದುವವರಿಗೆ ಅಕ್ಷರ ಓರೆಯಿಂದ ಮಾತ್ರ ಕಾಣುತ್ತದೆ, ಹಾಗಾಗಿ ಕಥೆ ಅರ್ಧ ಬಾಯಿಪಾಠ ಇರಬೇಕು. ಹಾಳೆ ತಿರುಗಿಸುವ ಕೈ ಚಿತ್ರಕ್ಕೆ ಅಡ್ಡ ಬರಬಾರದು. ಮೊದಲು ಮುಖಪುಟ ತೋರಿಸಬೇಕು. ಕೊನೆಯಲ್ಲಿ ಹಿಂಬದಿಯ ರಕ್ಷಾಪುಟವನ್ನೂ, ಅಲ್ಲಿ ಎಷ್ಟೋ ಸಲ ಕಥೆಯ ಬಾಲ ಅಡಗಿರುತ್ತದೆ. ದೊಡ್ಡ ಟರ್ನಿಪ್ ಗಡ್ಡೆ ಕೀಳುವ ರಷ್ಯಾದ ಜನಪದ ಕಥೆಯಂಥದ್ದಾದರೆ ಮಕ್ಕಳೇ ಪಲ್ಲವಿ ಹಿಡಿದು ಕೂಗುತ್ತಾರೆ, ಆಗ ಓದುವವರು ಉಸಿರು ತೆಗೆದುಕೊಂಡು ಅವರಿಗೆ ಜಾಗ ಬಿಡಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಕಥೆ ಮುಗಿದ ಮೇಲಿನದು: ಪುಸ್ತಕ ಮುಚ್ಚಿ ಸುಮ್ಮನಿರಬೇಕು. ‘ಇದರಿಂದ ಏನು ಕಲಿತಿರಿ?’ ಎಂದು ಕೇಳಬಾರದು. ನಮ್ಮ ನಿವೃತ್ತ ಮೇಷ್ಟ್ರುಗಳು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ.

ಓದು ಮುಗಿದ ಮೇಲೆ ತಂಡ ಒಟ್ಟಿಗೆ ಕೂತು ಪರಸ್ಪರ ತಿದ್ದಿಕೊಳ್ಳುತ್ತದೆ, ಯಾವ ತರಗತಿಗೆ ಯಾವ ಪುಸ್ತಕ ಓದಿದೆವೆಂದು ಬರೆದಿಡುತ್ತದೆ, ಮುಂದಿನ ವಾರದ ಪುಸ್ತಕ ಆರಿಸುತ್ತದೆ. ತೊಂದರೆಯಾದವರ ಬದಲಿಗೆ ಇನ್ನೊಬ್ಬರು ಸಿದ್ಧ. ತರಗತಿಯ ಎದುರು ನಿಲ್ಲುವುದು ಹತ್ತು-ಹದಿನೈದು ನಿಮಿಷವಾದರೂ ಅದರ ಹಿಂದೆ ಗ್ರಂಥಾಲಯದ ಓಡಾಟ, ಮನೆಯ ಅಭ್ಯಾಸ, ತಂಡದ ಚರ್ಚೆ ವಾರವಿಡೀ ನಡೆದಿರುತ್ತದೆ. ಹಿರಿಯರಿಗೆ ಸಿಗುವ ಲಾಭದ ಬಹುಭಾಗ ಈ ತೆರೆಮರೆಯ ಕೆಲಸದಿಂದಲೇ ಬರುತ್ತಿರಬೇಕೆಂದು ನನ್ನ ಊಹೆ.

ಲಾಭದ ಪುರಾವೆ ಎಷ್ಟು ಗಟ್ಟಿ? ಇಲ್ಲಿ ಅಳೆದು ತೂಗಿ ಮಾತಾಡಬೇಕು. ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗ ವಯಸ್ಸಾದಂತೆ ಕುಗ್ಗುತ್ತದೆ. ಹಲವು ವರ್ಷ ಓದಿದ ಸ್ವಯಂಸೇವಕರಲ್ಲಿ ಈ ಕುಗ್ಗುವಿಕೆ ಕಡಿಮೆಯೆಂದು ರೀಪ್ರಿಂಟ್ಸ್ ತಂಡ ವರದಿ ಮಾಡಿದೆ. ಪತ್ರಿಕೆಗಳಿಗೆ ಅದು ಒಳ್ಳೆಯ ತಲೆಬರಹ. ಆದರೆ ಗುಂಪು ಚಿಕ್ಕದು, ಓದಲು ಬಂದವರು ತಾವಾಗಿ ಆರಿಸಿಕೊಂಡು ಬಂದವರು. ಹದಿನೈದು ದಿನಕ್ಕೊಮ್ಮೆ ಶಾಲೆಗೆ ಹೋಗುವ ಹುಮ್ಮಸ್ಸಿರುವವರ ಮಿದುಳು ಮೊದಲೇ ಚೆನ್ನಾಗಿದ್ದಿರಬಹುದು. ಬಾಲ್ಟಿಮೋರ್ ಪ್ರಯೋಗಕ್ಕೆ ಆ ದೋಷವಿಲ್ಲ. ಅಲ್ಲಿ ನೂರರ ಆಸುಪಾಸಿನ ಜನರ ಮಿದುಳಿನ ಚಿತ್ರ ತೆಗೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷಗಳ ಪರಿಣಾಮ ಸ್ಪಷ್ಟವಾಗಿ ಕಂಡದ್ದು ಪುರುಷರಲ್ಲಿ. ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಮಹಿಳೆಯರು. ಗಟ್ಟಿಯಾಗಿ ಹೇಳಬಹುದಾದ ಫಲಿತಾಂಶ ಬೇರೆ: ಮುಂದಿನವರಿಗೆ ಏನನ್ನಾದರೂ ಕೊಡಬಲ್ಲೆ, ಕೊಡುತ್ತಿದ್ದೇನೆ ಎಂಬ ಭಾವ ಆ ಹಿರಿಯರಲ್ಲಿ ಹೆಚ್ಚಿತು. ಎರಿಕ್ ಎರಿಕ್ಸನ್ 1950ರಲ್ಲೇ ನಡುವಯಸ್ಸಿನ ಮುಖ್ಯ ಹಂಬಲವೆಂದು ಗುರುತಿಸಿದ್ದು ಇದನ್ನೇ.

ಮಕ್ಕಳಿಗೇನು ಸಿಕ್ಕಿತು? ಎಕ್ಸ್‌ಪೀರಿಯೆನ್ಸ್ ಕೋರ್ ಬಗ್ಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ನ್ಯಾನ್ಸಿ ಮಾರೊ-ಹೊವೆಲ್ ತಂಡ 800ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನ ಓದಿನ ಗ್ರಹಿಕೆಯಲ್ಲಿ ಪ್ರಗತಿ ಕಂಡಿತು, ಪರಿಣಾಮದ ಗಾತ್ರ ಸಣ್ಣದಾದರೂ ನಿಜವಾದದ್ದು. ಜಪಾನಿನ ಫಲಿತಾಂಶ ನನಗೆ ಇನ್ನೂ ಕುತೂಹಲದ್ದು. ಮಕ್ಕಳು ದೊಡ್ಡವರಾಗುತ್ತ ಹೋದಂತೆ ಹಿರಿಯರ ಬಗೆಗಿನ ಅವರ ಭಾವನೆ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಓದುವ ಹಿರಿಯರನ್ನು ಹೆಚ್ಚು ಸಲ ಕಂಡ ಮಕ್ಕಳಲ್ಲಿ ಅದು ತಣ್ಣಗಾಗದೆ ಉಳಿಯಿತು. ಕಡಿಮೆ ಕಂಡವರಲ್ಲಿ ಇಳಿಯಿತು. ಇಲ್ಲಿ ಪ್ರೀತಿ ಹೆಚ್ಚಿದ ಮಾತೇ ಇಲ್ಲ, ಇಳಿಯದೆ ನಿಂತಿತು ಎಂದಷ್ಟೇ. ಎಷ್ಟು ಸಲ ಕಂಡರು ಎಂಬ ಲೆಕ್ಕವೇ ವ್ಯತ್ಯಾಸವನ್ನು ನಿರ್ಧರಿಸಿದೆ.

ಹಾಗಾದರೆ ಹಳೆಯ ಕ್ಲಬ್‌ಗಳು ಮುಚ್ಚಿ ಇಂಥ ಕಸುಬಿನ ತಂಡಗಳೇ ಇರಲಿ ಎನ್ನಬಹುದೇ? ಅನುಮಾನ. ಓದಲು ಬರುವವರು ಊರಿನಾದ್ಯಂತದಿಂದ, ಪ್ರಕಟಣೆ ನೋಡಿ, ಆಸಕ್ತಿಯಿಂದ ಬರುವವರು. ತೊಂಬತ್ತು ದಾಟಿ ಮೊಣಕಾಲು ಸೋತವರು, ಗುಂಪಿನಲ್ಲಿ ಬಾಯಿ ಬಿಡದವರು ಅಲ್ಲಿಗೆ ಬರುವುದಿಲ್ಲ. ಅವರ ಬಾಗಿಲು ತಟ್ಟುವುದು ಇಂದಿಗೂ ಕೇರಿಯ ಕ್ಲಬ್ಬೇ. ಕಸುಬಿನ ತಂಡ ಗಟ್ಟಿಗರನ್ನು ಆರಿಸಿಕೊಳ್ಳುತ್ತದೆ, ಕ್ಲಬ್ ವಿಳಾಸವನ್ನು ನೋಡಿ ಸೇರಿಸಿಕೊಳ್ಳುತ್ತದೆ. ಎರಡರಲ್ಲಿ ಅಧ್ಯಯನಕ್ಕೆ ಹಣ ಸಿಗುವುದು ಮೊದಲನೆಯದಕ್ಕೆ, ಏಕೆಂದರೆ ಅಲ್ಲಿ ಅಳೆಯಲು ಏನಾದರೂ ಇರುತ್ತದೆ.

ಕರ್ನಾಟಕದ ಓದುಗರಿಗೆ ಇದರಲ್ಲಿ ಹತ್ತಿರದ ಕೊಂಡಿ ಹಿರಿಯ ನಾಗರಿಕರ ವೇದಿಕೆಗಳಿಗಿಂತ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿದೆ. 2019ರಲ್ಲಿ ಈ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಭಿಯಾನ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರು, ಸಂಜೆ ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳು. ಒಂದೇ ಬೆಂಚು, ಬೇರೆ ಬೇರೆ ಹೊತ್ತು. ಗೇಟ್‌ಬಾಲಿನ ಹಾಗೆಯೇ. ಜೋರಾಗಿ ಓದಿ ಕೇಳಿಸುವ ಪರಂಪರೆಗೂ ನಮ್ಮಲ್ಲಿ ಕೊರತೆಯಿಲ್ಲ: ಗಮಕದಲ್ಲಿ ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ, ಯಾರ ಸರದಿ ಯಾವಾಗ ಎಂಬುದು ಇಬ್ಬರಿಗೂ ತಿಳಿದಿರುತ್ತದೆ. ಆದರೆ ವ್ಯಾಖ್ಯಾನದ ಅಭ್ಯಾಸವನ್ನು ಆರು ವರ್ಷದ ಮಕ್ಕಳ ಮುಂದೆ ಬಿಡಬೇಕಾಗುತ್ತದೆ.

ಇಂಥದ್ದನ್ನು ಶುರು ಮಾಡುವವರು ವಾತ್ಸಲ್ಯದ ಭಾಷಣಕ್ಕಿಂತ ಮೊದಲು ವಿಚಾರಿಸಬೇಕಾದ ಸಂಗತಿಗಳು ಸಪ್ಪೆಯಾದವು. ತರಬೇತಿ ಕೊಡುವವರು ಯಾರು, ಅವರ ಬಸ್ ಚಾರ್ಜು ಯಾರದು, ಸರದಿ ಪಟ್ಟಿ ಯಾರ ಕೈಯಲ್ಲಿ, ಮಕ್ಕಳಿರುವ ಜಾಗಕ್ಕೆ ಬರುವವರ ಹಿನ್ನೆಲೆ ನೋಡುವವರು ಯಾರು. ಜಪಾನಿನಲ್ಲಿ ಇದರ ಜೊತೆ ಇನ್ನೊಂದು ಕಾಗದವೂ ಇರುತ್ತದೆ: ಸ್ಥಳೀಯ ಸಮಾಜ ಕಲ್ಯಾಣ ಮಂಡಳಿಯ ಮೂಲಕ ಮಾಡಿಸುವ ಸ್ವಯಂಸೇವಕರ ವಿಮೆ. ಕಂತು ವರ್ಷಕ್ಕೆ ಕೆಲವು ನೂರು ಯೆನ್. ಓದಲು ಹೋದ ಅಜ್ಜಿ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದರೆ ಅದಕ್ಕೂ, ಅವರ ಕೈತಪ್ಪಿನಿಂದ ಬೇರೆಯವರಿಗೆ ಪೆಟ್ಟಾದರೆ ಅದಕ್ಕೂ ಅದು ಪರಿಹಾರ ಕೊಡುತ್ತದೆ.